1962ರಲ್ಲಿ ಆಗ್ರಾದ ಕ್ಯಾನ್‌ಬೆರಾ ಸುಮ್ನೆ ನಿಂತಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಚೀನಾ ಯುದ್ಧದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿಯೇ ಇದೆ. ಆದರೆ ನಡುವೆ ಒಂದು ಮಾತು ಬರುತ್ತದೆ, ಆ ಯುದ್ಧದಲ್ಲಿ ನಮ್ಮ ವಾಯುಪಡೆ ನೆಲ ಬಿಟ್ಟು ಏಳಲೇ ಇಲ್ಲ ಅಂತ. ಕೆಲಗೇರಿ ಕೆರೆ ದಂಡೆಯಲ್ಲಿ ವಾಕಿಂಗ್ ಮುಗಿಸಿ ಚಹಾ ಕುಡಿಯುವಾಗ ನಮ್ಮ ಗುಂಪಿನವರೊಬ್ಬರು ಅದನ್ನೇ ಗಟ್ಟಿಯಾಗಿ ಓದಿ, ‘ನೋಡ್ರಿ ಸರ್, ವಿಮಾನ ಇಟ್ಕೊಂಡು ಸುಮ್ನ ಕುಂತ್ರು’ ಅಂದರು. ಅಲ್ಲಿಯೇ ವಾದಕ್ಕೆ ನಿಂತೆ, ಚಹಾ ಆರಿತು, ವಾದ ಮುಗಿಯಲಿಲ್ಲ. ಅದಕ್ಕೇ ಈ ಪತ್ರ.

ಅರ್ಧ ನಿಜ ಇದೆ, ಒಪ್ಪುತ್ತೇನೆ. ಅಕ್ಟೋಬರ್ 20ಕ್ಕೆ ಶುರುವಾಗಿ ನವೆಂಬರ್ 21ಕ್ಕೆ ನಿಂತ ಆ ಯುದ್ಧದಲ್ಲಿ ಸರ್ಕಾರ ಫೈಟರ್, ಬಾಂಬರ್ ವಿಮಾನಗಳನ್ನು ದಾಳಿಗೆ ಬಿಡಲಿಲ್ಲ. ಬಿಟ್ಟರೆ ಚೀನಾದವರು ತಿರುಗಿ ಕಲ್ಕತ್ತಾದಂಥ ಊರಿನ ಮೇಲೆ ಬಾಂಬು ಹಾಕಿದರೆ ಏನು ಗತಿ ಎಂಬ ಅಂಜಿಕೆ. ಆದರೆ ದಾಳಿ ಮಾಡುವುದೊಂದೇ ವಾಯುಪಡೆಯ ಕೆಲಸವೇ? ಎಎನ್-12 ವಿಮಾನಗಳು ಎಎಂಎಕ್ಸ್-13 ಟ್ಯಾಂಕುಗಳನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಹೋಗಿ ಲಡಾಖಿನ ಚುಶೂಲ್‌ನಲ್ಲಿ ಇಳಿಸಿದ್ದು ಇದೇ ಯುದ್ಧದಲ್ಲಿ. ಮತ್ತೆ, ಯುದ್ಧಕ್ಕಿಂತ ಬಹಳ ಮೊದಲೇ, ಆಗ್ರಾದಿಂದ ವಾಯುಪಡೆಯ 106ನೇ ಸ್ಕ್ವಾಡ್ರನ್ನಿನ (ವಿಮಾನ ದಳದ) ಕ್ಯಾನ್‌ಬೆರಾ ವಿಮಾನಗಳು ಅಕ್ಸಾಯ್ ಚಿನ್ ಮೇಲೆ, ಟಿಬೆಟ್ ಮೇಲೆ ಹಾರಿ ಫೋಟೋ ತೆಗೆದು ತರುತ್ತಿದ್ದವು. ಆ ಕೆಲಸಕ್ಕೆ ಒಬ್ಬ ಪೈಲಟ್‌ಗೆ, ಯುದ್ಧದ ಶೌರ್ಯಕ್ಕೆ ಕೊಡುವ ಎರಡನೇ ದೊಡ್ಡ ಪದಕ, ಮಹಾವೀರ ಚಕ್ರವೇ ಸಿಕ್ಕಿದೆ. ಏಳಲೇ ಇಲ್ಲ ಅಂದರೆ ಅದು ಎಲ್ಲಿಂದ ಬಂತು?

ನಾನು ಸೈನ್ಯದವನಲ್ಲ. ಗದಗಿನ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಆದರೆ ಈ ವಿಷಯದ ಜೊತೆ ನನಗೆ ಎರಡು ಕಡೆಯಿಂದ ನಂಟು. ಒಂದು, ಪಾಠದಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ಓದುವುದನ್ನು ಕಲಿಸುತ್ತಿದ್ದೆ. ಇನ್ನೊಂದು, ಅಣ್ಣಿಗೇರಿಯ ನಮ್ಮ ಸೋದರಮಾವ 1963ರಲ್ಲಿ ಏರ್‌ಫೋರ್ಸ್ ಸೇರಿ, ಮುಂದೆ ಎಷ್ಟೋ ವರ್ಷ ಆಗ್ರಾದಲ್ಲಿ ಫೋಟೋ ಸೆಕ್ಷನ್ನಿನಲ್ಲಿ ಇದ್ದರು. ಪೈಲಟ್ ಅಲ್ಲ, ಏರ್‌ಮನ್. ವಿಮಾನ ಇಳಿದ ಕೂಡಲೇ ಕ್ಯಾಮೆರಾದ ಫಿಲ್ಮ್ ಡಬ್ಬಿ ಬಿಚ್ಚಿಕೊಂಡು ಡಾರ್ಕ್‌ರೂಮಿಗೆ ಓಡುವವರಲ್ಲಿ ಒಬ್ಬರು. ರಜೆಗೆ ಬರುವಾಗ ಆಗ್ರಾದ ಪೇಠಾ ತರುತ್ತಿದ್ದರು, ಹೋಗುವಾಗ ಲೈನ್ ಬಜಾರಿನ ಪೇಢೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಎರಡರಲ್ಲಿ ಯಾವುದು ಮೇಲು ಅಂತ ಅಲ್ಲಿಯವರ ಜೊತೆ ಜಗಳ ಆಗುತ್ತಿತ್ತಂತೆ.

ಈಗ ಆ ಫೋಟೋ ತೆಗೆಯುವುದು ಅಂದರೆ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ‘ಮೇಲಿಂದ ಫೋಟೋ ಹೊಡೆದು ಬಂದರು, ಅದರಲ್ಲೇನು’ ಅಂತ ಚಹಾದ ಅಂಗಡಿಯಲ್ಲಿ ಕೇಳಿದವರೂ ಇದ್ದಾರೆ.

ಕ್ಯಾನ್‌ಬೆರಾ ಇಂಗ್ಲೆಂಡಿನ ವಿಮಾನ, ಎರಡು ಎಂಜಿನ್, ಜೆಟ್. ಫೋಟೋ ತೆಗೆಯುವುದಕ್ಕೆಂದೇ ಬಂದದ್ದು ಪಿಆರ್-57 ಅನ್ನುವ ಮಾದರಿ. ಅದರಲ್ಲಿ ಒಂದು ಬಂದೂಕೂ ಇಲ್ಲ. ಇಬ್ಬರೇ ಜನ, ಪೈಲಟ್ ಮತ್ತು ನ್ಯಾವಿಗೇಟರ್. ಗುರಿಯ ಹತ್ತಿರ ಬಂದಾಗ ನ್ಯಾವಿಗೇಟರ್ ತನ್ನ ಸೀಟು ಬಿಟ್ಟು ಮುಂದಿನ ಮೂತಿಗೆ ತೆವಳಿ, ಹೊಟ್ಟೆಯ ಮೇಲೆ ಮಲಗಿ, ಗಾಜಿನಿಂದ ಕೆಳಗೆ ನೋಡುತ್ತಾ ಕ್ಯಾಮೆರಾ ನಡೆಸಬೇಕು. ಆ ಕಾಲದ ದೊಡ್ಡ ಕ್ಯಾಮೆರಾದ ಲೆನ್ಸ್ 36 ಇಂಚಿನದು, ಅಂದರೆ ಲೆನ್ಸಿನಿಂದ ಫಿಲ್ಮಿಗೆ ಇರುವ ದೂರ (ಫೋಕಲ್ ಲೆಂಗ್ತ್) ಮೂರು ಅಡಿ. ನೆಲದಿಂದ 36,000 ಅಡಿ ಎತ್ತರದಲ್ಲಿ ಹಾರಿದರೆ ಚಿತ್ರದ ಸ್ಕೇಲು 12,000ಕ್ಕೆ 1. ಕ್ಲಾಸಿನಲ್ಲಿ ಹುಡುಗರಿಗೆ ಈ ಲೆಕ್ಕ ಕೊಡುತ್ತಿದ್ದೆ. ನೆಲದ ಮೇಲಿನ 12 ಮೀಟರು ಫಿಲ್ಮಿನಲ್ಲಿ ಒಂದು ಮಿಲಿಮೀಟರು. ಒಂದು ಮಿಲಿಟರಿ ಲಾರಿ ಆರು ಮೀಟರು ಅಂತ ಹಿಡಿಯಿರಿ, ಫಿಲ್ಮಿನಲ್ಲಿ ಅರ್ಧ ಮಿಲಿಮೀಟರು. ಗಸಗಸೆ ಕಾಳಿನ ಅರ್ಧ! ಏಳು ಇಂಚು ಎಂಟೂವರೆ ಇಂಚಿನ ಒಂದು ಚಿತ್ರದಲ್ಲಿ ನಮ್ಮ ಇಡೀ ಉಣಕಲ್ ಕೆರೆ ಕೂತು ಸುತ್ತ ಜಾಗವೂ ಉಳಿಯುತ್ತದೆ. ಅಷ್ಟು ಅಗಲದಲ್ಲಿ ಗಸಗಸೆಯ ಅರ್ಧ ಹುಡುಕಬೇಕು.

ಇನ್ನೂ ಇದೆ. ಒಂದೊಂದು ಚಿತ್ರವೂ ಹಿಂದಿನ ಚಿತ್ರದ ಮೇಲೆ ನೂರಕ್ಕೆ ಅರವತ್ತರಷ್ಟು ಹಾಯ್ದು ಬರಬೇಕು. ಅಂದರೆ ಒಂದೇ ಜಾಗ ಎರಡು ಚಿತ್ರದಲ್ಲಿ, ಎರಡು ಕೋನದಿಂದ ಸಿಗುತ್ತದೆ. ಆ ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಟೀರಿಯೋಸ್ಕೋಪಿನಲ್ಲಿ ನೋಡಿದರೆ ಗುಡ್ಡ ಗುಡ್ಡವಾಗಿ, ಹಳ್ಳ ಹಳ್ಳವಾಗಿ ಕಾಣುತ್ತದೆ. ಸ್ಟೀರಿಯೋಸ್ಕೋಪ್ ಅಂದರೆ ದೊಡ್ಡ ಯಂತ್ರವೇನಲ್ಲ. ಕನ್ನಡಕಕ್ಕೆ ನಾಲ್ಕು ಕಾಲು ಬಂದ ಹಾಗೆ ಇರುತ್ತದೆ, ಮಡಚಿ ಜೇಬಿಗೆ ಹಾಕಬಹುದು. ಗುಡ್ಡಗಾಡಿನ ಜೋಡಿ ಚಿತ್ರ ಇಟ್ಟು ಒಬ್ಬೊಬ್ಬರಿಗೇ ತೋರಿಸುವಾಗ ಮೊದಲು ಅರ್ಧ ನಿಮಿಷ ಏನೂ ಕಾಣುವುದಿಲ್ಲ, ಎರಡೆರಡು ಕಾಣುತ್ತದೆ ಅಂತ ಕಣ್ಣು ತಿಕ್ಕುತ್ತಾರೆ. ಆಮೇಲೆ ಒಮ್ಮೆಲೇ, ‘ಸರ್, ಗುಡ್ಡ ಎದ್ದು ಬಂತ್ರಿ!’ ಮೂವತ್ತು ವರ್ಷ ಈ ಕೂಗು ಕೇಳಿದ್ದೇನೆ, ಬೇಸರ ಬಂದಿಲ್ಲ. (ಆ ಫೋಟೋಗಳನ್ನು ಆಗ ಬೀರುವಿನಲ್ಲಿ ಬೀಗ ಹಾಕಿ ಇಡಬೇಕಿತ್ತು. ಈಗ ಮೊಮ್ಮಗ ಮೊಬೈಲಿನಲ್ಲಿ ನಮ್ಮ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕು ತೋರಿಸುತ್ತಾನೆ.)

ಹಾಗೆ ಚಿತ್ರ ಬರಬೇಕಾದರೆ ವಿಮಾನ ನೇರವಾಗಿ, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಹೋಗಬೇಕು. ಗಂಟೆಗೆ 400 ನಾಟಿಕಲ್ ಮೈಲಿ ವೇಗ ಅಂದರೆ ನಾನು ಹೇಳಿದ ಲೆಕ್ಕಕ್ಕೆ ನಾಲ್ಕು ಸೆಕೆಂಡಿಗೊಂದು ಚಿತ್ರ. ರೆಕ್ಕೆ ಸ್ವಲ್ಪ ಓರೆಯಾದರೆ ಆ ಸಾಲು ಕೆಟ್ಟಿತು. ಫೈಟರ್ ವಿಮಾನದವನು ಹಿಂದೆ ಯಾರೋ ಬಂದರು ಅಂದರೆ ತಿರುಗುತ್ತಾನೆ, ಮುಳುಗುತ್ತಾನೆ, ಗುಂಡು ಹಾರಿಸುತ್ತಾನೆ. ಫೋಟೋದವನು ವೈರಿಯ ಊರಿನ ಮೇಲೆ, ಹಾಡುಹಗಲಲ್ಲಿ, ನೇಗಿಲ ಸಾಲು ಹೊಡೆದ ಹಾಗೆ ಹೋಗಿ, ತಿರುಗಿ, ಇನ್ನೊಂದು ಸಾಲು ಹೊಡೆಯಬೇಕು. ಹಗಲೇ ಯಾಕೆ ಅಂದರೆ ನೆರಳು ಬೇಕು. ಮೇಲಿಂದ ನೋಡಿದರೆ ಕಂಬ ಒಂದು ಚುಕ್ಕೆ. ಅದರ ನೆರಳು ಬಿದ್ದಾಗಲೇ ಅದು ಕಂಬ ಅಂತ ಗೊತ್ತಾಗುವುದು.

ಬಂದೂಕಿಲ್ಲದೆ ಹೋಗುವುದರ ಬೆಲೆ 1959ರಲ್ಲೇ ಗೊತ್ತಾಗಿತ್ತು. ಆ ವರ್ಷ ಏಪ್ರಿಲ್ 10, ಈದ್ ಹಬ್ಬದ ದಿನ, ನಮ್ಮ ಒಂದು ಫೋಟೋ ಕ್ಯಾನ್‌ಬೆರಾವನ್ನು ಪಾಕಿಸ್ತಾನದ ಸೇಬರ್ ಜೆಟ್ ರಾವಲ್ಪಿಂಡಿಯ ಹತ್ತಿರ ಹೊಡೆದು ಬೀಳಿಸಿತು. ಒಳಗಿದ್ದ ಸೇನ್‌ಗುಪ್ತಾ, ರಾಂಪಾಲ್ ಇಬ್ಬರೂ ಹಾರಿ ಬದುಕಿಕೊಂಡರು. ಪಾಕಿಸ್ತಾನದ ವಾಯುಪಡೆ ಬೀಳಿಸಿದ ಮೊದಲ ವಿಮಾನ ಅದೇ. ಎರಡೂ ದೇಶಕ್ಕೆ ಆಗ ಯುದ್ಧವೇ ಇರಲಿಲ್ಲ ನೋಡಿ. ಫೋಟೋ ಸ್ಕ್ವಾಡ್ರನ್ನಿಗೆ ಶಾಂತಿಕಾಲ ಅನ್ನುವುದೇ ಇಲ್ಲ, ಅವರ ಕೆಲಸ ನಡೆಯುವುದೇ ಆಗ.

ಇದಾದ ಮೇಲೂ ಹಾರಾಟ ನಿಲ್ಲಲಿಲ್ಲ. 1960ರಿಂದ 62ರವರೆಗೆ, ನಾನು ಮೊದಲು ಹೇಳಿದ ಆ ಪೈಲಟ್ ಜಗ್ ಮೋಹನ್ ನಾಥ್, ಎಲ್ಲರೂ ಜಗ್ಗಿ ನಾಥ್ ಅನ್ನುತ್ತಿದ್ದದ್ದು, ಹಿಮಾಲಯ ದಾಟಿ ಹೋಗಿ ಹೋಗಿ ಚಿತ್ರ ತಂದರು. ಅಕ್ಸಾಯ್ ಚಿನ್‌ನಲ್ಲಿ ಚೀನಾದವರು 1957ಕ್ಕೇ ರಸ್ತೆ ಮುಗಿಸಿದ್ದರು. ಗಡಿಯಾಚೆ ಸೈನ್ಯ ಜಮಾಯಿಸುತ್ತಿರುವುದು ತಾವು ತಂದ ಚಿತ್ರಗಳಲ್ಲಿ ಇತ್ತು, ಮೇಲಿನವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಅಂತ ನಾಥ್ ಅವರೇ ವಯಸ್ಸಾದ ಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಮಾತು ಪೂರ್ತಿ ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ನಿಮ್ಮ ಲೇಖನದಲ್ಲಿ ‘ಚೀನಾದ ತಯಾರಿ ಯಾರಿಗೂ ಗೊತ್ತಿರಲಿಲ್ಲ’ ಅಂತ ಬರೆದಿದೆಯಲ್ಲ, ಅದು ಮಾತ್ರ ನನಗೆ ನುಂಗಲಾಗದು. ಗೊತ್ತುಮಾಡಲು ಹೋದವರಿದ್ದರು. ಅವರಿಗೆ ಅದೇ ಸರ್ಕಾರ ಮಹಾವೀರ ಚಕ್ರ ಕೊಟ್ಟಿತು. ಪದಕ ಕೊಟ್ಟ ಮೇಲೆ ‘ಯಾರೂ ಹೋಗಲೇ ಇಲ್ಲ, ನೋಡಲೇ ಇಲ್ಲ’ ಅನ್ನುವುದು ಹೇಗೆ ಸರಿ?

1965ರ ಯುದ್ಧದಲ್ಲಿ ಅದೇ ಜಗ್ಗಿ ನಾಥ್ ಪಾಕಿಸ್ತಾನದೊಳಗೆ ಹೋಗಿ ಬಂದರು. ಲಾಹೋರಿನ ಈಚೆಗಿನ ಇಚ್ಚೋಗಿಲ್ ಕಾಲುವೆಯ ಚಿತ್ರ ತಂದವರಲ್ಲಿ ಅವರೊಬ್ಬರು. ಜೊತೆಗೆ ಕಾವಲು ವಿಮಾನ ಇಲ್ಲ, ಹಗಲು, ನಿಧಾನದ ವಿಮಾನ. ಎರಡನೇ ಮಹಾವೀರ ಚಕ್ರ ಬಂತು. ಈ ಪದಕ ಎರಡು ಸಲ ಪಡೆದವರು ಇಡೀ ದೇಶದಲ್ಲಿ ಆರೇ ಜನ. ನಮ್ಮ ಮಕ್ಕಳಿಗೆ ಒಬ್ಬರ ಹೆಸರಾದರೂ ಗೊತ್ತಿದೆಯೇ? ಮಕ್ಕಳನ್ನು ಬಿಡಿ, ನಮ್ಮ ವಾಕಿಂಗ್ ಗುಂಪಿನ ಹನ್ನೊಂದು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನು 1971. ಇಲ್ಲಿ ಕನ್ನಡದ ಪತ್ರಿಕೆಯವರು ಕಿವಿ ನಿಮಿರಿಸಬೇಕು. ಆ ಯುದ್ಧದಲ್ಲಿ 106ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದವರು ವಿಂಗ್ ಕಮಾಂಡರ್ ರಮೇಶ್ ಸಖಾರಾಮ್ ಬೆನಗಲ್. ಹೆಸರೇ ಹೇಳುತ್ತದೆ, ಮನೆತನದ ಬೇರು ನಮ್ಮ ಕರಾವಳಿಯದು. ಹುಟ್ಟಿದ್ದು ರಂಗೂನಿನಲ್ಲಿ. ಹುಡುಗನಾಗಿದ್ದಾಗಲೇ ನೇತಾಜಿಯವರ ಆಜಾದ್ ಹಿಂದ್ ಫೌಜಿಗೆ ಸೇರಿ, ಪೈಲಟ್ ತರಬೇತಿಗೆಂದು ಜಪಾನಿಗೆ ಕಳಿಸಿದ ಹುಡುಗರ ಗುಂಪಿನಲ್ಲಿ ಹೋದವರು. ಟೋಕಿಯೋ ಕೆಡೆಟ್ಸ್ ಅಂತ ಅವರಿಗೆ ಹೆಸರು. ಯುದ್ಧ ಸೋತ ಮೇಲೆ ತಿರುಗಿ ಬಂದು, ಸ್ವತಂತ್ರ ಭಾರತದ ವಾಯುಪಡೆಯಲ್ಲಿ ಪೈಲಟ್ ಆಗಿ, 1971ರಲ್ಲಿ ತಾವೇ ವೈರಿಯ ನೆಲದ ಮೇಲೆ ಹಾರಿ ಫೋಟೋ ತಂದು ಮಹಾವೀರ ಚಕ್ರ ಪಡೆದರು. ಇಂಥ ಒಂದು ಬದುಕಿನ ಬಗ್ಗೆ ನಮ್ಮ ಪುರವಣಿಗಳಲ್ಲಿ ಒಂದು ಪುಟ ನಾನು ಕಂಡಿಲ್ಲ. ಸಿನಿಮಾ ನಟರ ಹೊಸ ಕಾರಿಗೆ ಅರ್ಧ ಪುಟ ಸಿಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ದಿನಾ ಓದುವವನು ಹೇಳುತ್ತಿದ್ದೇನೆ.

ಈ ಕೆಲಸ ಕ್ಯಾನ್‌ಬೆರಾದಿಂದ ಶುರುವಾದದ್ದೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಅರಕಾನಿನ ಕಾಡಿನ ಮೇಲೆ ನಮ್ಮವರ 6ನೇ ಸ್ಕ್ವಾಡ್ರನ್ ಹರಿಕೇನ್ ವಿಮಾನಗಳಲ್ಲಿ ಬೇಹು ನೋಡುತ್ತಿತ್ತು. ಅಲ್ಲಿ ಕಾದುತ್ತಿದ್ದ ಬ್ರಿಟಿಷರ ಹದಿನಾಲ್ಕನೇ ಸೈನ್ಯದ ಕಣ್ಣು ಅಂತಲೇ ಅದಕ್ಕೆ ಹೆಸರು ಬಿತ್ತು. ಮುಖ್ಯಸ್ಥರು ಮೆಹರ್ ಸಿಂಗ್. 1948ರಲ್ಲಿ ಲೇಹ್‌ನ ಮರಳು ಪಟ್ಟಿಯಲ್ಲಿ ಡಕೋಟಾ ವಿಮಾನ ಇಳಿಸಿದರಲ್ಲ, ಅದೇ ಮೆಹರ್ ಬಾಬಾ. ಇವರ ಪದ್ಧತಿ ನನಗೆ ಬಹಳ ಇಷ್ಟ. ಯಾವಾಗಲೂ ಎರಡು ವಿಮಾನ ಜೋಡಿಯಾಗಿ ಹೋಗುವುದು. ಒಬ್ಬ ಕೆಳಗೆ ನೋಡುತ್ತಾ ಹೋಗುತ್ತಾನೆ, ಕೆಳಗೆ ಮಾತ್ರ. ಇನ್ನೊಬ್ಬ ಹಿಂದೆ ಎಡಕ್ಕೆ ಬಲಕ್ಕೆ ಹೊರಳಾಡುತ್ತಾ ಆಕಾಶ ಕಾಯುತ್ತಾನೆ. ಅವನಿಗೆ ವೀವರ್ ಅನ್ನುತ್ತಿದ್ದರು, ನೇಕಾರ ಅಂದ ಹಾಗೆ. ಬೆಟಗೇರಿಯ ಮಗ್ಗದಲ್ಲಿ ಲಾಳಿ ಆ ಕಡೆ ಈ ಕಡೆ ಓಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾನ್‌ಬೆರಾ ಆದಮೇಲೆ ಇನ್ನೊಂದು ಬಂತು, ಅದರದು ಬೇರೆಯೇ ಕಥೆ. 1981ರಲ್ಲಿ ರಷ್ಯಾದ ಮಿಗ್-25. ಬರೇಲಿಯ 102ನೇ ಸ್ಕ್ವಾಡ್ರನ್. ಶಬ್ದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ವೇಗ, 20 ಕಿಲೋಮೀಟರ್ ಮೇಲೆ ಹಾರಾಟ. ಯಾರ ಕೈಗೂ ಸಿಗದು. 2006ರಲ್ಲಿ ಅದನ್ನು ನಿಲ್ಲಿಸಿದರು. ತಮಾಷೆ ನೋಡಿ, ಅದಕ್ಕಿಂತ 20 ವರ್ಷಕ್ಕೂ ಹೆಚ್ಚು ಮೊದಲು ಬಂದ ನಮ್ಮ ಮುದಿ ಕ್ಯಾನ್‌ಬೆರಾ ಅದಾದ ಮೇಲೂ ಒಂದು ವರ್ಷ ಹಾರಿತು. ಆಗ್ರಾದಲ್ಲಿ 2007ರ ಮೇ 11ಕ್ಕೆ ಬೀಳ್ಕೊಡುಗೆ. ಅದಕ್ಕೆ ಮೊದಲು ಕಾರ್ಗಿಲ್‌ನಲ್ಲೂ ಒಂದು ಏಟು ತಿಂದಿತ್ತು. 1999ರ ಮೇ 21, ವಾಯುಪಡೆಯ ದಾಳಿ ಶುರುವಾಗಲು ಇನ್ನೂ ಐದು ದಿನ ಇದೆ. ಬೆಟ್ಟದ ತುದಿಯಲ್ಲಿ ಕೂತವರು ಯಾರು, ಎಷ್ಟು ಮಂದಿ ಅಂತ ನೋಡಲು ಹೋದ ಕ್ಯಾನ್‌ಬೆರಾಗೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಬಡಿದು ಒಂದು ಎಂಜಿನ್ ಹೋಯಿತು. ಉಳಿದ ಒಂದರಲ್ಲೇ ಶ್ರೀನಗರಕ್ಕೆ ಬಂದು ಇಳಿಸಿದರು. ಧಾರವಾಡದ ಕಾರ್ಗಿಲ್ ಸ್ತೂಪದ ಮುಂದೆ ಜುಲೈ 26ಕ್ಕೆ ನಾವೆಲ್ಲ ಹೂವು ಇಡುತ್ತೇವಲ್ಲ, ಇಡಲೇಬೇಕು, ಆದರೆ ಅಲ್ಲಿ ಮಾಡುವ ಭಾಷಣದಲ್ಲಿ ಈ ವಿಮಾನದ ಮಾತು ಒಮ್ಮೆಯೂ ಕೇಳಿದ್ದಿಲ್ಲ.

ಮಾವನ ಮಾತಿಗೆ ಬರುತ್ತೇನೆ. ಅವರು ಫಿಲ್ಮಿನಲ್ಲಿ ಏನಿತ್ತು ಅಂತ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಕೇಳಿದರೆ, ‘ಕತ್ತಲಾಗಿರ್ತಿತ್ತೋ ತಮ್ಮಾ, ಏನ್ ಕಾಣ್ತದ’ ಅಂತ ನಗುವುದು. ಹೇಳುತ್ತಿದ್ದದ್ದು ಕೆಲಸದ ಬಗ್ಗೆ ಮಾತ್ರ. ಫಿಲ್ಮ್ ಸುರುಳಿ ಎಷ್ಟು ಉದ್ದ, ಡೆವಲಪರ್ ಎಷ್ಟು ಬೆಚ್ಚಗಿರಬೇಕು, ಆಗ್ರಾದ ಮೇ ತಿಂಗಳಲ್ಲಿ ಅದನ್ನು ತಣ್ಣಗಿಡುವುದು ಎಂಥ ಪಾಡು, ಒಂದು ಹನಿ ಬೆವರು ಬಿದ್ದರೆ ಏನಾಗುತ್ತದೆ. ಇಬ್ಬರು ಜೀವ ಒತ್ತೆಯಿಟ್ಟು ತಂದದ್ದನ್ನು ತಾವು ಬಕೆಟ್ಟಿನಲ್ಲಿ ಕೆಡಿಸಿದರೆ ಅನ್ನುವ ಅಂಜಿಕೆಗೆ ಎಷ್ಟೋ ರಾತ್ರಿ ಊಟ ಸೇರುತ್ತಿರಲಿಲ್ಲವಂತೆ. ಫಿಲ್ಮ್ ತಯಾರಾದ ಮೇಲೆ ಅದನ್ನು ಓದುವವರು ಬೇರೆ. ಅವರು ಹಳೆಯ ಚಿತ್ರ, ಹೊಸ ಚಿತ್ರ ಎರಡೂ ಇಟ್ಟುಕೊಂಡು ಹೋದ ತಿಂಗಳು ಇಲ್ಲದ ಒಂದು ಗೆರೆ ಹುಡುಕುತ್ತಾರೆ. ಲಾರಿಯ ಮೇಲೆ ಬಲೆ ಹೊದಿಸಿ ಮರೆಮಾಡಬಹುದು, ಆದರೆ ಗಾಲಿಯ ಗುರುತು ಮರದ ಬುಡದವರೆಗೆ ಬಂದು ಅಲ್ಲೇ ನಿಂತರೆ ಲಾರಿ ಎಲ್ಲಿದೆ ಅಂತ ಕೇಳಬೇಕಾಗಿಲ್ಲ.

ಆ ಚಟ ಮಾವನಿಗೂ ಹತ್ತಿತ್ತು. ಯಾರ ಮನೆಯ ಫೋಟೋ ಕೊಟ್ಟರೂ ಅಂಚು ಮಾತ್ರ ಹಿಡಿಯುತ್ತಿದ್ದರು, ಬೆರಳು ಚಿತ್ರಕ್ಕೆ ತಾಗಬಾರದು. ನನ್ನ ಮದುವೆ ಆಗಿದ್ದು ಮೇ ತಿಂಗಳಲ್ಲಿ, ಮನೆಯ ಮುಂದಿನ ಅಂಗಳದಲ್ಲಿ. ಆಲ್ಬಮ್ ಬಂದಾಗ ಎಲ್ಲರೂ ಸೀರೆ, ಒಡವೆ ನೋಡುತ್ತಿದ್ದರೆ ಇವರು ಅಕ್ಕಿಕಾಳು ಹಾಕುವ ಫೋಟೋ ಹಿಡಿದು, ಹಂದರದ ಹೊರಗಿನ ಒಂದು ಕಂಬ ತೋರಿಸಿ, ‘ಮುಹೂರ್ತ ಎಷ್ಟಕ್ಕಿತ್ತೋ?’ ಅಂದರು. ಹನ್ನೊಂದು ಇಪ್ಪತ್ತು ಅಂದೆ. ‘ನೆರಳು ಕಂಬದ ಬುಡಕ್ಕ ಬಂದೈತಿ. ಹನ್ನೆರಡೂವರಿ ಆಗೇತಿ. ತಪ್ಪಿಸ್ಯಾರ.’ ಅವರ ಲೆಕ್ಕ ಸರಿ ಇತ್ತು. ನಮ್ಮ ಧಾರವಾಡ ಇರುವುದು ಸುಮಾರು 75 ಡಿಗ್ರಿ ರೇಖಾಂಶದಲ್ಲಿ, ಗಡಿಯಾರ ನಡೆಯುವುದು ಎಂಬತ್ತೆರಡೂವರೆಯದರಲ್ಲಿ, ಹಾಗಾಗಿ ನಡುಮಧ್ಯಾಹ್ನ ಇಲ್ಲಿ ಹನ್ನೆರಡೂವರೆಗೇ ಆಗುವುದು. ಭೂಗೋಳದ ಮೇಷ್ಟರು ನಾನು, ನನ್ನ ಮದುವೆಯ ಫೋಟೋದಲ್ಲೇ ನನಗೆ ಅದು ಕಾಣಲಿಲ್ಲ. ಭಟ್ಟರಿಗೆ ಈ ವಿಷಯ ಹೇಳಬೇಡಿ ಅಂತ ನಮ್ಮ ಅತ್ತೆ ಕೈ ಮುಗಿದಿದ್ದರು.

ಮಾವ ತೀರಿಕೊಂಡು ಹನ್ನೆರಡು ವರ್ಷ ಆಯಿತು. ನಾನು ಕೇಳುವುದು ಎರಡು. ಒಂದು, ವಾಯುಪಡೆ ಏಳಲೇ ಇಲ್ಲ ಅನ್ನುವ ಆ ಸಾಲಿಗೆ ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ, ಅದೇ ಪುಟದಲ್ಲಿ, ಮೂಲೆಯಲ್ಲಿ ಅಲ್ಲ. ಇನ್ನೊಂದು, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬೆಳಗಾವಿಯ ಸಾಂಬ್ರಾಕ್ಕೆ ಹೋಗಿ ತರಬೇತಿ ಪಡೆದು ಏರ್‌ಮನ್ ಆದವರ ಮನೆಗಳು ಎಷ್ಟೋ ಇವೆ. ಎಂಜಿನ್ ಬಿಚ್ಚಿದವರು, ವೈರ್‌ಲೆಸ್ ಕೇಳಿದವರು, ಫಿಲ್ಮ್ ತೊಳೆದವರು. ಈಗ ಎಂಬತ್ತು ದಾಟಿದವರು. ಗುಟ್ಟಿನ ವಿಷಯ ಅವರು ಹೇಳುವುದೂ ಇಲ್ಲ, ನಮಗೆ ಬೇಕೂ ಇಲ್ಲ. ಬೆವರು ಬಿದ್ದರೆ ಏನಾಗುತ್ತಿತ್ತು ಅನ್ನುವಂಥದ್ದನ್ನು ನಿಮ್ಮ ವರದಿಗಾರರು ಹೋಗಿ ಕೇಳಿ ಬರೆದುಕೊಳ್ಳಲಿ. ಸ್ಟೀರಿಯೋಸ್ಕೋಪ್ ನೋಡಬೇಕು ಅಂದರೆ ನನ್ನ ಹತ್ತಿರ ಒಂದು ಇದೆ, ಒಂದು ಕಾಲು ಸೊಟ್ಟಗಾಗಿದೆ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ, ಗುಡ್ಡ ಇನ್ನೂ ಏಳುತ್ತದೆ.

ಪತ್ರ ಉದ್ದವಾಯಿತು, ನಿಮ್ಮ ಕಾಲಂ ಎಷ್ಟು ಅಂತ ಗೊತ್ತು. ಕತ್ತರಿಸುವುದಿದ್ದರೆ ಪೇಢೆ, ಮದುವೆ ಎರಡನ್ನೂ ಕತ್ತರಿಸಿ. ಬೆನಗಲ್ ಅವರ ಹೆಸರು ಮಾತ್ರ ತೆಗೆಯಬೇಡಿ.

ಇತಿ,
ಒಬ್ಬ ನಿವೃತ್ತ ಭೂಗೋಳ ಅಧ್ಯಾಪಕ
ಸಪ್ತಾಪುರ, ಧಾರವಾಡ